ಪಟ್ಟಿಯಿಂದಾಚೆಗಿನ ಮ್ಯಾಕ್‌ಗಳು

ಆಪಲ್ ಕಂಪನಿ ಮ್ಯಾಕಿಂತೋಷ್ ಕಂಪ್ಯೂಟರುಗಳಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಬಿಡುಗಡೆ ಮಾಡಿದಾಗಲೆಲ್ಲ ಅದರ ಜೊತೆಗೆ ಒಂದು ಪಟ್ಟಿಯೂ ಹೊರಬರುತ್ತದೆ. ಯಾವ ಮಾದರಿಗಳಲ್ಲಿ ಆ ಸಿಸ್ಟಮ್ ಹಾಕಿಕೊಳ್ಳಬಹುದು ಎಂದು ಹೇಳುವ ಪಟ್ಟಿ ಅದು. ಪಟ್ಟಿಯಿಂದ ಹೊರಗುಳಿದ ಯಂತ್ರ ಕೆಟ್ಟಿರುವುದಿಲ್ಲ, ಅಂದಿನ ಕೆಲಸ ಅಂದು ನಡೆಯುತ್ತಲೇ ಇರುತ್ತದೆ. ಆದರೆ ಕೆಲವೇ ವರ್ಷಗಳಲ್ಲಿ ಭದ್ರತಾ ಅಪ್‌ಡೇಟ್‌ಗಳು ನಿಲ್ಲುತ್ತವೆ, ಹೊಸ ಬ್ರೌಸರ್ ಹಾಕಲು ಬರುವುದಿಲ್ಲ, ಹಲವು ಜಾಲತಾಣಗಳು ತೆರೆಯುವುದೂ ಕಷ್ಟವಾಗುತ್ತದೆ. ಹೀಗೆ ಹೊರಗುಳಿದ ಯಂತ್ರಗಳಲ್ಲಿ ಹೊಸ ಸಿಸ್ಟಮ್ ಓಡಿಸುವ ಕೆಲಸ 2001ರಿಂದ ಈಚೆಗೆ ಕಡಿಯದೆ ನಡೆದುಬಂದಿದೆ. ಪಟ್ಟಿಯ ಗಡಿ ಕೆಲವು ಸಲ ಯಂತ್ರದ ನಿಜವಾದ ಮಿತಿಯಾಗಿತ್ತು, ಕೆಲವು ಸಲ ಬರೀ ಒಂದು ಸಂಖ್ಯೆಯ ತಪಾಸಣೆಯಾಗಿತ್ತು. ಯಾವುದು ಮಿತಿ, ಯಾವುದು ತಪಾಸಣೆ ಎಂದು ಬಿಡಿಸಿ ತೋರಿಸಿದ್ದೇ ಈ ಕೆಲಸ ಮಾಡಿದವರ ದೊಡ್ಡ ಕೊಡುಗೆ.

ಮ್ಯಾಕ್ ಓಎಸ್ ಟೆನ್‌ನ ಮೊದಲ ಆವೃತ್ತಿ 2001ರ ಮಾರ್ಚ್ 24ರಂದು ಬಂತು. ಹಳೆಯ ಮ್ಯಾಕ್ ಓಎಸ್ 9ಕ್ಕೂ ಇದಕ್ಕೂ ಒಳಗಿನ ರಚನೆಯಲ್ಲಿ ಹೆಚ್ಚಿನ ಸಂಬಂಧ ಇರಲಿಲ್ಲ. ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿಯಿಂದ ಬಂದ ಯುನಿಕ್ಸ್ ಮೂಲದ ಸಿಸ್ಟಮ್ ಅದು. ಜಿ3 ಪ್ರೊಸೆಸರ್ ಇರುವ ಯಂತ್ರಗಳಿಂದ ಮುಂದಕ್ಕೆ ಮಾತ್ರ ಅದಕ್ಕೆ ಅಧಿಕೃತ ಬೆಂಬಲವಿತ್ತು. ಪವರ್ ಮ್ಯಾಕ್ 7500, 8500, 9500, 9600 ಮುಂತಾದ ಯಂತ್ರಗಳು ಹೊರಗೆ ಉಳಿದವು. ಇವು ಅಗ್ಗದ ಯಂತ್ರಗಳಾಗಿರಲಿಲ್ಲ. 1997ರ ಪವರ್ ಮ್ಯಾಕ್ 9600ರಲ್ಲಿ ಆರು ಪಿಸಿಐ ಸ್ಲಾಟ್‌ಗಳೂ ಹನ್ನೆರಡು ಮೆಮೊರಿ ಸ್ಲಾಟ್‌ಗಳೂ ಇದ್ದವು. ಮುದ್ರಣ, ಧ್ವನಿಮುದ್ರಣ, ವಿಡಿಯೊ ಕೆಲಸದವರು ಇಂಥವುಗಳ ಮೇಲೆ ದೊಡ್ಡ ಮೊತ್ತ ಹಾಕಿದ್ದರು. ಅವುಗಳ ಪ್ರೊಸೆಸರ್ ಒಂದು ಪ್ರತ್ಯೇಕ ಕಾರ್ಡಿನ ಮೇಲಿದ್ದುದರಿಂದ, ಅದನ್ನು ಕಿತ್ತು ಸಾನೆಟ್‌ನಂಥ ಕಂಪನಿಗಳು ಮಾರುತ್ತಿದ್ದ ಜಿ3 ಅಥವಾ ಜಿ4 ಕಾರ್ಡ್ ಕೂರಿಸಬಹುದಿತ್ತು. ಅಂದರೆ ಸಿಸ್ಟಮ್ ಕೇಳುವ ಪ್ರೊಸೆಸರ್ ಯಂತ್ರದೊಳಗೆ ಇದ್ದರೂ ಹೊರಗಿನ ಪೆಟ್ಟಿಗೆ ಹಳೆಯದೆಂಬ ಕಾರಣಕ್ಕೆ ಅನುಮತಿ ಇರಲಿಲ್ಲ.

ಈ ಬಾಗಿಲು ತೆರೆದವರು ರಯಾನ್ ರೆಂಪೆಲ್. ಅವರು ಬರೆದ ಎಕ್ಸ್‌ಪೋಸ್ಟ್‌ಫ್ಯಾಕ್ಟೊ ಎಂಬ ತಂತ್ರಾಂಶಕ್ಕೆ ಅದರ್ ವರ್ಲ್ಡ್ ಕಂಪ್ಯೂಟಿಂಗ್ ಎಂಬ ಬಿಡಿಭಾಗಗಳ ಕಂಪನಿ ಆಸರೆಯಾಗಿ ನಿಂತಿತು. ಕೆಲಸ ಸಾಧ್ಯವಾದದ್ದಕ್ಕೆ ಮುಖ್ಯ ಕಾರಣ, ಆಪಲ್ ತನ್ನ ಸಿಸ್ಟಮ್‌ನ ತಳಭಾಗವಾದ ಡಾರ್ವಿನ್‌ನ ಮೂಲಸಂಕೇತವನ್ನು 1999ರಲ್ಲೇ ಬಹಿರಂಗಪಡಿಸಿತ್ತು. ಇನ್ನೊಂದು ಸಂಗತಿಯೂ ಇತ್ತು: ಈ ಸಿಸ್ಟಮ್‌ನ ಪೂರ್ವರೂಪವಾದ ರ್‍ಯಾಪ್ಸೊಡಿಯನ್ನು 1997ರಲ್ಲಿ ಡೆವಲಪರ್‌ಗಳಿಗೆ ಕೊಟ್ಟಾಗ ಅದು ಓಡುತ್ತಿದ್ದುದು ಪವರ್ ಮ್ಯಾಕ್ 8500, 9500 ತರಹದ ಯಂತ್ರಗಳ ಮೇಲೆಯೇ. ನಾಲ್ಕು ವರ್ಷಗಳ ನಂತರ ಪಟ್ಟಿಯಿಂದ ಬಿಟ್ಟುಹೋದ ಯಂತ್ರಗಳೇ ಆ ಸಿಸ್ಟಮ್‌ನ ತೊಟ್ಟಿಲಾಗಿದ್ದವು.

ಎಕ್ಸ್‌ಪೋಸ್ಟ್‌ಫ್ಯಾಕ್ಟೊ ಬಳಸುವ ಕ್ರಮ ಹೀಗಿತ್ತು. ಮೊದಲು ಯಂತ್ರವನ್ನು ಮ್ಯಾಕ್ ಓಎಸ್ 9ರಲ್ಲಿ ಶುರುಮಾಡಿ, ಸಿಡಿಯನ್ನೂ ಸಿಸ್ಟಮ್ ಹಾಕಬೇಕಾದ ಡಿಸ್ಕನ್ನೂ ಆರಿಸಬೇಕು. ತಂತ್ರಾಂಶವು ಹಳೆಯ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳನ್ನೂ ಸಿಸ್ಟಮನ್ನು ಶುರುಮಾಡುವ ಬೂಟ್ ಲೋಡರಿನ ತಿದ್ದಿದ ಪ್ರತಿಯನ್ನೂ ಆ ಡಿಸ್ಕಿಗೆ ನಕಲು ಮಾಡುತ್ತಿತ್ತು. ಆಮೇಲೆ ಯಂತ್ರದ ಓಪನ್ ಫರ್ಮ್‌ವೇರ್‌ನಲ್ಲಿ ಶುರುವಾಗುವ ದಾರಿಯನ್ನು ಬದಲಿಸಿ ರೀಸ್ಟಾರ್ಟ್ ಮಾಡುತ್ತಿತ್ತು. ಪರದೆಯ ಮೇಲೆ ಅಕ್ಷರಗಳ ಸಾಲುಗಳು ಓಡಿ, ಎಲ್ಲ ಸರಿಹೋದರೆ ಇನ್‌ಸ್ಟಾಲರ್ ಕಾಣಿಸುತ್ತಿತ್ತು. ಎಲ್ಲಾದರೂ ನಿಂತುಹೋದರೆ ಕಮಾಂಡ್, ಆಪ್ಷನ್, ಪಿ, ಆರ್ ಎಂಬ ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಿ ಹಿಡಿದು ಶುರುಮಾಡಿದರೆ ಬದಲಿಸಿದ ದಾರಿ ಅಳಿಸಿಹೋಗಿ ಯಂತ್ರ ಓಎಸ್ 9ಕ್ಕೆ ಮರಳುತ್ತಿತ್ತು. ಹಾಕಿದ ಜಿ3, ಜಿ4 ಕಾರ್ಡಿನ ಕ್ಯಾಶ್ ಮೆಮೊರಿಯನ್ನು ಹೊಸ ಸಿಸ್ಟಮ್ ತಾನಾಗಿ ಗುರುತಿಸುತ್ತಿರಲಿಲ್ಲ. ಅದನ್ನು ಎಬ್ಬಿಸುವ ಕೆಲಸವನ್ನೂ ಈ ತಂತ್ರಾಂಶವೇ ಮಾಡುತ್ತಿತ್ತು. ಅದಿಲ್ಲದೆ ಹೊಸ ಕಾರ್ಡಿನ ವೇಗದ ಒಂದು ಪಾಲು ವ್ಯರ್ಥವೇ.

ಮುಂದಿನ ಆವೃತ್ತಿಗಳಲ್ಲಿ ಪಟ್ಟಿ ಕಿರಿದಾಗುತ್ತ ಬಂತು. 2003ರ ಪ್ಯಾಂಥರ್, ಯಂತ್ರದಲ್ಲಿಯೇ ಯುಎಸ್‌ಬಿ ಇರಬೇಕೆಂದಿತು. 2005ರ ಟೈಗರ್, ಫೈರ್‌ವೈರ್ ಇರಬೇಕೆಂದಿತು. ಬಣ್ಣಬಣ್ಣದ ಮೊದಲ ಐಮ್ಯಾಕ್‌ಗಳು ಈ ಒಂದೇ ಕಾರಣಕ್ಕೆ ಹೊರಬಿದ್ದವು. ಫೈರ್‌ವೈರ್ ಇಲ್ಲದೆ ಸಿಸ್ಟಮ್ ನಡೆಯುವುದೇ ಇಲ್ಲ ಎಂದೇನೂ ಇರಲಿಲ್ಲ. ಯಂತ್ರದ ವಯಸ್ಸನ್ನು ಅಳೆಯಲು ಅದೊಂದು ಸುಲಭದ ಗುರುತಾಗಿತ್ತು. ಎಕ್ಸ್‌ಪೋಸ್ಟ್‌ಫ್ಯಾಕ್ಟೊ ಇವುಗಳಿಗೂ ದಾರಿ ಮಾಡಿಕೊಟ್ಟು ಟೈಗರ್‌ವರೆಗೆ ಬಂದು ನಿಂತಿತು.

ಸಂಖ್ಯೆಯ ತಪಾಸಣೆಗೆ ಅತ್ಯಂತ ಸ್ಪಷ್ಟ ಉದಾಹರಣೆ 2007ರ ಅಕ್ಟೋಬರ್ 26ರಂದು ಬಂದ ಲೆಪರ್ಡ್. ಅದಕ್ಕೆ ಕನಿಷ್ಠ 867 ಮೆಗಾಹರ್ಟ್ಜ್ ವೇಗದ ಜಿ4 ಬೇಕಿತ್ತು. 800 ಮೆಗಾಹರ್ಟ್ಜ್‌ನ ಎರಡು ಪ್ರೊಸೆಸರ್‌ಗಳಿದ್ದ ಪವರ್ ಮ್ಯಾಕ್ ಕೂಡ ಅನರ್ಹವಾಯಿತು, 867ರ ಒಂದೇ ಪ್ರೊಸೆಸರ್ ಇದ್ದದ್ದು ಪಾಸಾಯಿತು. ಇನ್‌ಸ್ಟಾಲರ್ ವೇಗವನ್ನು ಅಳೆಯುತ್ತಿರಲಿಲ್ಲ, ಫರ್ಮ್‌ವೇರ್ ಹೇಳಿದ ಅಂಕಿಯನ್ನು ಓದಿಕೊಳ್ಳುತ್ತಿತ್ತು ಅಷ್ಟೇ. ಯಂತ್ರ ಶುರುವಾಗುವಾಗ ಕಮಾಂಡ್, ಆಪ್ಷನ್, ಓ, ಎಫ್ ಕೀಲಿಗಳನ್ನು ಒತ್ತಿದರೆ ಓಪನ್ ಫರ್ಮ್‌ವೇರ್‌ನ ಬಿಳಿ ಪರದೆ ಬರುತ್ತದೆ. ಅಲ್ಲಿ ಪ್ರೊಸೆಸರ್ ವೇಗದ ಜಾಗದಲ್ಲಿ 867000000 ಎಂದು ಬರೆದು ಡಿವಿಡಿಯಿಂದ ಶುರುಮಾಡಲು ಹೇಳಿದರೆ ಇನ್‌ಸ್ಟಾಲರ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತಿತ್ತು. ಮುಂದಿನ ಸಲ ಯಂತ್ರ ಶುರುವಾದಾಗ ಹಳೆಯ ಅಂಕಿಯೇ ಮರಳುತ್ತಿತ್ತು, ಲೆಪರ್ಡ್ ಮಾತ್ರ ಮೊದಲಿನಂತೆ ಓಡುತ್ತಿತ್ತು. ಮೂರು ನಾಲ್ಕು ಸಾಲುಗಳ ಈ ಕೆಲಸವನ್ನು ತಾನೇ ಮಾಡಿಕೊಡುವ ಲೆಪರ್ಡ್‌ಅಸಿಸ್ಟ್ ಎಂಬ ಪುಟ್ಟ ತಂತ್ರಾಂಶವೂ ಬಂತು.

2006ರಿಂದ ಮ್ಯಾಕ್‌ಗಳಿಗೆ ಇಂಟೆಲ್ ಪ್ರೊಸೆಸರ್ ಬಂತು. 2009ರ ಸ್ನೋ ಲೆಪರ್ಡ್ ಜಿ3, ಜಿ4ಗಳ ವಂಶವಾದ ಪವರ್‌ಪಿಸಿಯನ್ನು ಪೂರ್ತಿಯಾಗಿ ಕೈಬಿಟ್ಟಿತು, 2011ರ ಲಯನ್ 32 ಬಿಟ್‌ನ ಕೋರ್ ಡುಯೊ ಯಂತ್ರಗಳನ್ನು ಬಿಟ್ಟಿತು. ಇವೆರಡೂ ನಿಜವಾದ ಗಡಿಗಳು. ಒಂದು ಪ್ರೊಸೆಸರಿನ ಆದೇಶಗಳನ್ನು ಇನ್ನೊಂದು ಅರ್ಥಮಾಡಿಕೊಳ್ಳದಿದ್ದರೆ ಯಾವ ತಿದ್ದುಪಡಿಯೂ ನೆರವಿಗೆ ಬರುವುದಿಲ್ಲ. ಕನ್ನಡಿಗರ ಮಟ್ಟಿಗೆ ಲಯನ್‌ನ ಗಡಿ ಇನ್ನೊಂದು ಕಾರಣಕ್ಕೂ ಮುಖ್ಯ. ಮುತ್ತು ನೆಡುಮಾರನ್ ಅವರ ಕನ್ನಡ ಎಂಎನ್, ಕನ್ನಡ ಸಂಗಮ್ ಎಂಎನ್ ಫಾಂಟ್‌ಗಳು ಸಿಸ್ಟಮ್‌ನೊಳಗೇ ಸೇರಿ ಬಂದದ್ದು ಲಯನ್‌ನಲ್ಲಿ. ಸ್ನೋ ಲೆಪರ್ಡ್‌ನಲ್ಲೇ ಉಳಿಯಬೇಕಾದ ಯಂತ್ರದಲ್ಲಿ ಬೇರೆ ಫಾಂಟ್ ತಂದು ಹಾಕಿಕೊಳ್ಳದೆ ಕನ್ನಡದ ಪುಟ ತೆರೆದರೆ ಅಕ್ಷರಗಳ ಬದಲು ಚೌಕಟ್ಟುಗಳು ಕಾಣುತ್ತಿದ್ದವು. ಆಪರೇಟಿಂಗ್ ಸಿಸ್ಟಮ್‌ನ ವಯಸ್ಸು ಭಾಷೆಯ ಓದನ್ನೂ ನಿರ್ಧರಿಸುತ್ತದೆ ಎಂಬುದು ಸಣ್ಣ ಮಾತಲ್ಲ.

2006ರ ಮ್ಯಾಕ್ ಪ್ರೊ ಪ್ರಕರಣ ಮಿತಿಗೂ ತಪಾಸಣೆಗೂ ನಡುವೆ ನಿಲ್ಲುತ್ತದೆ. ಅದರ ಜೋಡಿ ಜಿಯಾನ್ ಪ್ರೊಸೆಸರ್‌ಗಳು 64 ಬಿಟ್‌ನವು, ಯಂತ್ರವನ್ನು ಶುರುಮಾಡುವ ಇಎಫ್‌ಐ ಫರ್ಮ್‌ವೇರ್ ಮಾತ್ರ 32 ಬಿಟ್‌ನದು. 2012ರ ಮೌಂಟನ್ ಲಯನ್‌ನಲ್ಲಿ ಸಿಸ್ಟಮ್‌ನ ತಿರುಳಾದ ಕರ್ನಲ್‌ನ 32 ಬಿಟ್ ರೂಪ ಇಲ್ಲವಾದದ್ದರಿಂದ, ಆರು ವರ್ಷಗಳ ಹಿಂದೆ ಕಂಪನಿಯ ಅತಿ ದುಬಾರಿ ಯಂತ್ರಗಳಲ್ಲೊಂದಾಗಿದ್ದ ಇದು ಶುರುವಾಗುವ ಹಂತದಲ್ಲೇ ಸಿಕ್ಕಿಕೊಂಡಿತು. ಟಿಯಾಮೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪ್ರೋಗ್ರಾಮರ್ 2013ರಲ್ಲಿ ಆಪಲ್‌ನ ಬೂಟ್ ಲೋಡರಿಗೆ ಬದಲಾಗಿ ಹೊಸದೊಂದನ್ನು ಮೊದಲಿಂದ ಕೊನೆಯವರೆಗೆ ಬರೆದರು. 64 ಬಿಟ್ ಕರ್ನಲ್ ಮತ್ತು 32 ಬಿಟ್ ಫರ್ಮ್‌ವೇರ್ ನಡುವೆ ಅದು ದುಭಾಷಿಯಾಗಿ ನಿಂತಿತು. ಪೈಕ್ ಎಂಬ ಇನ್ನೊಬ್ಬರು ಅದನ್ನು ಮುಂದುವರಿಸಿದ್ದರಿಂದ 2006ರ ಯಂತ್ರಗಳು 2015ರ ಎಲ್ ಕ್ಯಾಪಿಟನ್‌ವರೆಗೆ ನಡೆದವು. ಕನಿಷ್ಠ ಮೂರು ವರ್ಷಗಳ ಆಯುಷ್ಯ ಒಂದೇ ಕಡತದಿಂದ ಹೆಚ್ಚಿತು. ಈ ಇಡೀ ಇತಿಹಾಸದಲ್ಲಿ ಇದಕ್ಕಿಂತ ಚೊಕ್ಕ ಕೆಲಸ ಇನ್ನೊಂದು ಸಿಗುವುದು ಕಷ್ಟ.

2016ರ ಸಿಯೆರಾ ಹೊತ್ತಿಗೆ ಪ್ರೊಸೆಸರಿನ ಸೂಕ್ಷ್ಮ ವ್ಯತ್ಯಾಸಗಳು ಲೆಕ್ಕಕ್ಕೆ ಬಂದವು. ಅದರ ಕರ್ನಲ್‌ಗೆ ಎಸ್‌ಎಸ್‌ಇ 4.1 ಎಂಬ ಆದೇಶಗಳ ಗುಂಪು ಬೇಕು. 2008ರಿಂದೀಚಿನ ಪೆನ್ರಿನ್ ಕೋರ್ 2 ಡುಯೊಗಳಲ್ಲಿ ಅದಿತ್ತು, ಅದಕ್ಕಿಂತ ಹಿಂದಿನವುಗಳಲ್ಲಿ ಇರಲಿಲ್ಲ. 2007ರ ಐಮ್ಯಾಕ್‌ನ ಪ್ರೊಸೆಸರ್ ಸಾಕೆಟ್‌ನಲ್ಲಿ ಕೂತಿದ್ದುದರಿಂದ ಕೆಲವರು ಗಾಜು, ಪರದೆ ಬಿಚ್ಚಿ ಪೆನ್ರಿನ್ ಪ್ರೊಸೆಸರ್ ಕೂರಿಸಿ ಈ ಗಡಿಯನ್ನೂ ದಾಟಿದರು. ಪೆನ್ರಿನ್ ಇದ್ದೂ ಪಟ್ಟಿಯಿಂದ ಹೊರಬಿದ್ದ ಯಂತ್ರಗಳಿಗೆ ಡೋಸ್‌ಡೂಡ್1 ಎಂಬ ಹೆಸರಿನ ಯುವಕ ಪ್ಯಾಚರ್ ತಂತ್ರಾಂಶ ಬರೆದುಕೊಟ್ಟರು. ಸಿಯೆರಾ, ಹೈ ಸಿಯೆರಾ, ಮೊಜಾವೆ, ಕ್ಯಾಟಲಿನಾ ಎಂಬ ನಾಲ್ಕು ಆವೃತ್ತಿಗಳಿಗೂ ಅವರದೇ ಪ್ಯಾಚರ್‌ಗಳಿದ್ದವು. ಆಪಲ್‌ನ ಸರ್ವರ್‌ನಿಂದಲೇ ಇನ್‌ಸ್ಟಾಲರ್ ಇಳಿಸಿಕೊಂಡು, ಪೆನ್ ಡ್ರೈವ್ ತಯಾರಿಸಿ, ಸಿಸ್ಟಮ್ ಹಾಕಿದ ಮೇಲೆ ತೆಗೆದುಹಾಕಲಾಗಿದ್ದ ಡ್ರೈವರ್‌ಗಳನ್ನು ಹಿಂದಿನ ಆವೃತ್ತಿಯಿಂದ ತಂದು ಸೇರಿಸುವುದು ಅವುಗಳ ಕ್ರಮ. ಕಂಪ್ಯೂಟರ್ ಪಂಡಿತರ ಕೈಯಲ್ಲಿದ್ದ ಕೆಲಸ ಸಾಮಾನ್ಯ ಬಳಕೆದಾರರಿಗೆ ದಕ್ಕಿದ್ದು ಇಲ್ಲಿಂದ. 2018ರ ಮೊಜಾವೆ, ಮೆಟಲ್ ಎಂಬ ಗ್ರಾಫಿಕ್ಸ್ ವ್ಯವಸ್ಥೆ ಕಡ್ಡಾಯ ಮಾಡಿದ ಮೇಲೆ ಹಳೆಯ ಗ್ರಾಫಿಕ್ಸ್ ಚಿಪ್‌ಗಳ ಕಷ್ಟ ಶುರುವಾಯಿತು. ಡ್ರೈವರ್ ಸೇರಿಸಿದರೆ ಸಾಲದು, ಪರದೆಯನ್ನು ಬಿಡಿಸುವ ಸಿಸ್ಟಮ್ ಭಾಗಗಳನ್ನೇ ಹಳೆಯವುಗಳಿಂದ ಬದಲಿಸಬೇಕಾಯಿತು.

2020ರ ಬಿಗ್ ಸರ್ ಈ ದಾರಿಯನ್ನು ಬಹುಪಾಲು ಮುಚ್ಚಿತು. ಸಿಸ್ಟಮ್ ಇರುವ ಇಡೀ ವಾಲ್ಯೂಮ್‌ಗೆ ಗೂಢಲಿಪಿಯ ಮೊಹರು ಬಿತ್ತು. ಒಂದು ಕಡತ ಬದಲಾದರೂ ಮೊಹರು ಒಡೆಯುತ್ತದೆ. ಮಾಲ್‌ವೇರ್ ತಡೆಯಲು ಇದು ಒಳ್ಳೆಯ ಕ್ರಮವೇ. ಪ್ಯಾಚರ್‌ಗಳ ಪಾಲಿಗೆ ಮಾತ್ರ, ಡಿಸ್ಕಿನ ಮೇಲಿನ ಕಡತಗಳನ್ನು ತಿದ್ದುವ ಇಪ್ಪತ್ತು ವರ್ಷಗಳ ಪದ್ಧತಿಗೆ ದೊಡ್ಡ ಅಡ್ಡಿ.

ಪರಿಹಾರ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. ಆಪಲ್ ತಯಾರಿಸದ ಪಿಸಿಗಳ ಮೇಲೆ ಮ್ಯಾಕ್ ಸಿಸ್ಟಮ್ ಓಡಿಸುವವರಿಗಾಗಿ ಅಸಿಡಾಂಥೆರಾ ಎಂಬ ಗುಂಪು ಓಪನ್‌ಕೋರ್ ಬೂಟ್ ಲೋಡರನ್ನು 2019ರಲ್ಲಿ ಹೊರತಂದಿತ್ತು. ಸಿಸ್ಟಮ್ ಮೆಮೊರಿಗೆ ಬರುವಾಗಲೇ ಬೇಕಾದ ಬದಲಾವಣೆ ಮಾಡುವುದು ಅದರ ವಿಧಾನ, ಡಿಸ್ಕಿನ ಕಡತಗಳನ್ನು ಅದು ಮುಟ್ಟುವುದಿಲ್ಲ. ಇದನ್ನೇ ಹಳೆಯ ಮ್ಯಾಕ್‌ಗಳಿಗೆ ಒಗ್ಗಿಸಿದ ಓಪನ್‌ಕೋರ್ ಲೆಗಸಿ ಪ್ಯಾಚರ್ 2021ರ ಆರಂಭದ ಹೊತ್ತಿಗೆ ಬಳಕೆಗೆ ಬಂತು. ಅದರಲ್ಲಿನ ಒಂದು ಉಪಾಯ ಗಮನಿಸುವಂಥದು. ಯಂತ್ರವು ನಿಜವಾದದ್ದಲ್ಲ, ತಂತ್ರಾಂಶದೊಳಗೆ ಓಡುವ ವರ್ಚುವಲ್ ಮಷೀನ್ ಎಂದು ಹೇಳುವ ಒಂದು ಬಿಟ್ ಅನ್ನು ಅದು ಸಿಸ್ಟಮ್‌ಗೆ ತೋರಿಸುತ್ತದೆ. ವರ್ಚುವಲ್ ಮಷೀನ್‌ಗಳಿಗೆ ಮಾದರಿಯ ತಪಾಸಣೆ ಇಲ್ಲ. ಹಾಗಾಗಿ ಹಳೆಯ ಮ್ಯಾಕ್‌ಗೂ ಆಪಲ್‌ನ ಅಪ್‌ಡೇಟ್‌ಗಳು ನೇರವಾಗಿ ಸಿಗುತ್ತವೆ. ಗ್ರಾಫಿಕ್ಸ್‌ಗಾಗಿ ಮಾತ್ರ ಹಲವು ಯಂತ್ರಗಳಲ್ಲಿ ಮೊಹರು ಒಡೆಯಲೇಬೇಕು, ಪ್ರತಿ ಅಪ್‌ಡೇಟ್ ಆದ ಮೇಲೂ ಆ ಪ್ಯಾಚ್ ಮತ್ತೆ ಹಾಕಬೇಕು. ಅಷ್ಟರ ಮಟ್ಟಿಗೆ ಭದ್ರತೆ ಸಡಿಲವಾಗುತ್ತದೆ. ಭದ್ರತಾ ಅಪ್‌ಡೇಟ್ ಪಡೆಯುವುದಕ್ಕಾಗಿಯೇ ಹೊಸ ಸಿಸ್ಟಮ್ ಹಾಕುವವರು ಈ ನಷ್ಟವನ್ನೂ ತೂಗಿ ನೋಡಬೇಕಾಗುತ್ತದೆ.

2022ರ ವೆಂಚುರಾ ತಂದ ತೊಡಕು ಇನ್ನೂ ಆಳದ್ದು. ಅದರ ಇಂಟೆಲ್ ಆವೃತ್ತಿಯ ಮುಖ್ಯ ಲೈಬ್ರರಿಗಳನ್ನು ಎವಿಎಕ್ಸ್ 2 ಆದೇಶಗಳನ್ನು ನೆಚ್ಚಿಕೊಂಡು ತಯಾರಿಸಲಾಗಿತ್ತು. 2012ರವರೆಗಿನ ಯಾವ ಮ್ಯಾಕ್‌ನಲ್ಲೂ ಆ ಆದೇಶಗಳಿಲ್ಲ. ಮೇಲ್ನೋಟಕ್ಕೆ ಇದು ದಾಟಲಾಗದ ಗಡಿ. ಆದರೆ ಆಪಲ್‌ನ ಸ್ವಂತ ಎಂ1 ಸರಣಿಯ ಚಿಪ್‌ಗಳ ಮೇಲೆ ಇಂಟೆಲ್ ತಂತ್ರಾಂಶ ಓಡಿಸುವ ರೊಸೆಟಾ, ಆಗ ಎವಿಎಕ್ಸ್ 2 ಆದೇಶಗಳನ್ನು ಅನುವಾದಿಸುತ್ತಿರಲಿಲ್ಲ. ಅದಕ್ಕಾಗಿ ಆಪಲ್ ಆ ಆದೇಶಗಳಿಲ್ಲದ ಲೈಬ್ರರಿಗಳ ಇನ್ನೊಂದು ಪ್ರತಿಯನ್ನು ಅದೇ ಇನ್‌ಸ್ಟಾಲರ್‌ನೊಳಗೆ ಇಟ್ಟಿತ್ತು. ಲೆಗಸಿ ಪ್ಯಾಚರ್‌ನವರು ಆ ಪ್ರತಿಯನ್ನು ಹಳೆಯ ಇಂಟೆಲ್ ಯಂತ್ರಗಳಿಗೆ ಹಾಕಿಸಿದರು. ಅತಿ ಹೊಸ ಯಂತ್ರಗಳಿಗೆಂದು ಮಾಡಿದ್ದೇ ಅತಿ ಹಳೆಯವುಗಳನ್ನು ಉಳಿಸಿತು. ಇದೇ ವೆಂಚುರಾದಲ್ಲಿ ಯುಎಸ್‌ಬಿ 1.1ರ ಡ್ರೈವರ್ ಹೋದದ್ದರಿಂದ ಹಲವು ಹಳೆಯ ಮ್ಯಾಕ್‌ಬುಕ್‌ಗಳಲ್ಲಿ ಇನ್‌ಸ್ಟಾಲ್ ಮಾಡುವಾಗ ಸ್ವಂತ ಕೀಬೋರ್ಡ್, ಟ್ರ್ಯಾಕ್‌ಪ್ಯಾಡ್‌ಗಳೇ ಸತ್ತಂತಾಗುತ್ತವೆ. ಒಂದು ಯುಎಸ್‌ಬಿ 2 ಹಬ್‌ಗೆ ಹೊರಗಿನ ಕೀಬೋರ್ಡ್, ಮೌಸ್ ಚುಚ್ಚಿಕೊಂಡು, ಪ್ಯಾಚ್ ಹಾಕುವವರೆಗೆ ಕೆಲಸ ಸಾಗಿಸಬೇಕು. 2023ರ ಸೊನೊಮಾದಲ್ಲಿ ಹಳೆಯ ವೈಫೈ ಡ್ರೈವರ್‌ಗಳಿಗೂ ಇದೇ ಗತಿಯಾಯಿತು.

ಪಿಸಿಗಳ ಲೋಕದಲ್ಲಿ ಇಂಥ ಪ್ರಶ್ನೆ ದೊಡ್ಡದಾಗಿ ಎದ್ದದ್ದು 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಸುಮಾರು 2018ರಿಂದೀಚಿನ ಪ್ರೊಸೆಸರ್ ಬೇಕೆಂಬ ನಿಯಮ ಬಹುಪಾಲು ತಪಾಸಣೆಯೇ ಆಗಿತ್ತು. ಅದನ್ನು ಭಾಗಶಃ ಸಡಿಲಿಸುವ ರಿಜಿಸ್ಟ್ರಿ ಬದಲಾವಣೆಯನ್ನು ಮೈಕ್ರೋಸಾಫ್ಟ್ ತಾನೇ ಪ್ರಕಟಿಸಿತ್ತು. 2024ರ ಆವೃತ್ತಿ ಪಾಪ್‌ಕೌಂಟ್ ಎಂಬ ಪ್ರೊಸೆಸರ್ ಆದೇಶ ಬೇಕೆಂದಾಗ ಕೋರ್ 2 ಕಾಲದ ಯಂತ್ರಗಳಿಗೆ ನಿಜವಾದ ಗಡಿ ಬಂತು.

ಮ್ಯಾಕ್‌ನ ಇಂಟೆಲ್ ಅಧ್ಯಾಯಕ್ಕೆ ಆಪಲ್ ದಿನಾಂಕ ಗೊತ್ತುಮಾಡಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಟಾಹೋ, ಇಂಟೆಲ್ ಯಂತ್ರಗಳಿಗೆ ಕೊನೆಯ ಆವೃತ್ತಿ ಎಂದು ಅದೇ ಜೂನ್‌ನಲ್ಲಿ ಕಂಪನಿ ಪ್ರಕಟಿಸಿತು. ಅದರ ಪಟ್ಟಿಯಲ್ಲಿರುವ ಇಂಟೆಲ್ ಮ್ಯಾಕ್‌ಗಳು 2019 ಮತ್ತು 2020ರ ನಾಲ್ಕೇ ಮಾದರಿಗಳು. ಮುಂದಿನ ಆವೃತ್ತಿಗಳಲ್ಲಿ ಇಂಟೆಲ್‌ಗೆ ಅರ್ಥವಾಗುವ ಕರ್ನಲ್ ಇರುವುದಿಲ್ಲವಾದ್ದರಿಂದ ಅಲ್ಲಿ ಪ್ಯಾಚ್ ಮಾಡಲು ಏನೂ ಉಳಿಯುವುದಿಲ್ಲ. 2009ರಲ್ಲಿ ಪವರ್‌ಪಿಸಿಗೆ ಬಂದದ್ದೂ ಇದೇ ಸ್ಥಿತಿ. ಆಮೇಲೂ ಆ ಇಂಟೆಲ್ ಯಂತ್ರಗಳನ್ನು ದುಡಿಸಿಕೊಳ್ಳಬೇಕೆಂದವರಿಗೆ ಲಿನಕ್ಸ್ ಇದೆ. ಎಂ1 ಸರಣಿಯ ಯಂತ್ರಗಳಲ್ಲಿ ಸಿಸ್ಟಮ್‌ನ ಸಹಿಯನ್ನು ಚಿಪ್ ತಾನೇ ಪರೀಕ್ಷಿಸುತ್ತದೆ. ಅವು ಪಟ್ಟಿಯಿಂದ ಹೊರಬೀಳುವ ದಿನ ಬಂದಾಗ ಓಪನ್‌ಕೋರ್‌ನ ವಿಧಾನ ಅಲ್ಲಿ ನಡೆಯುವುದಿಲ್ಲ.