ಮಕ್ಕಳ ಮನೋವೈದ್ಯ ಶಿಕ್ಷಣ: ಬೆಂಗಳೂರಿನ ಪರಂಪರೆ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲೂಕಿನ ಹಿರೀಸಾವೆಯಂತಹ ಹೋಬಳಿ ಕೇಂದ್ರಗಳಲ್ಲಿ ಮಗು ಮಾತನಾಡದಿದ್ದರೆ ಅಥವಾ ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದರೆ ದೇವರಿಗೆ ಹರಕೆ ಹೊರುವುದು, ಯಂತ್ರ ಕಟ್ಟಿಸುವುದು ಮೊದಲ ಉಪಾಯವಾಗಿದ್ದ ಕಾಲದಲ್ಲಿಯೇ, 1954ರಲ್ಲಿ, ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. 1974ರಲ್ಲಿ ಆ ಆಸ್ಪತ್ರೆಯೂ ಈ ಸಂಸ್ಥೆಯೂ ವಿಲೀನಗೊಂಡು ನಿಮ್ಹಾನ್ಸ್ ರೂಪುಗೊಂಡಿತು.

ಆದರೂ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಶಾಸ್ತ್ರದಲ್ಲಿ ಡಿ.ಎಂ., ಅಂದರೆ ಎಂ.ಡಿ. ನಂತರದ ಮೂರು ವರ್ಷಗಳ ಉನ್ನತ ಪದವಿ, ದೇಶದಲ್ಲಿಯೇ ಮೊದಲ ಬಾರಿಗೆ ಇಲ್ಲಿ ಆರಂಭವಾದದ್ದು 2011ರಲ್ಲಿ. ಈ ವಿಳಂಬ ಸಣ್ಣದಲ್ಲ, ಏಕೆಂದರೆ ಮಕ್ಕಳ ಚಿಕಿತ್ಸೆಗೆ ಬೇರೆಯೇ ತರಬೇತಿ ಬೇಕು. ವಯಸ್ಕ ರೋಗಿಯನ್ನು ಪ್ರಶ್ನಿಸಿ ತಿಳಿಯಬಹುದಾದರೆ, ಮಗುವಿನ ಆಟವನ್ನು, ಆಟಿಕೆಯನ್ನು ಅದು ಹಿಡಿಯುವ ರೀತಿಯನ್ನು, ತಾಯಿ ಎದ್ದುಹೋದಾಗಿನ ಅದರ ನೋಟವನ್ನು ಗಮನಿಸಿ ಅರ್ಥೈಸಬೇಕಾಗುತ್ತದೆ. ಆದ್ದರಿಂದ ಇಲ್ಲಿ ಕಲಿಯುವ ವೈದ್ಯರು ಚಿಕಿತ್ಸಾ ಮನಶ್ಶಾಸ್ತ್ರಜ್ಞರೊಂದಿಗೂ ಕುಟುಂಬದ ಸ್ಥಿತಿಗತಿಯನ್ನು ಅರಿಯುವ ಮನೋವೈದ್ಯಕೀಯ ಸಮಾಜಕಾರ್ಯಕರ್ತರೊಂದಿಗೂ ಒಂದೇ ತಂಡವಾಗಿ ದುಡಿಯುತ್ತಾರೆ. ಹಾಸನ ಜಿಲ್ಲೆಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ; ಆದರೆ ತಜ್ಞರು ಮಹಾನಗರಗಳಲ್ಲಿಯೇ ನೆಲೆಸುವ ರೂಢಿಯಿಂದಾಗಿ ಹಳ್ಳಿಯ ಮಗುವಿನ ತೊಂದರೆಯನ್ನು ಮೊದಲು ಗುರುತಿಸುವ ಹೊಣೆ ಇಂದಿಗೂ ಬಹುಪಾಲು ಶಾಲಾ ಶಿಕ್ಷಕರ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮೇಲೆಯೇ ಬೀಳುತ್ತದೆ.