ಬ್ಯಾಟರಿ ಬಿಚ್ಚುವವರು

ಕಲ್ಯಾಣ ಬಿಟ್ಟು ಕರ್ಜತ್ ಕಡೆಗೆ ಹೊರಟ ಲೋಕಲ್ ಮೊದಲು ನಿಲ್ಲುವುದು ವಿಠ್ಠಲವಾಡಿಯಲ್ಲಿ. ಮುಂಬಯಿಯಲ್ಲಿ ವಿದ್ಯುತ್ ರೈಲು ಮೊದಲು ಓಡಿದ್ದು 1925ರ ಫೆಬ್ರವರಿ 3ರಂದು, ಬೋರಿಬಂದರಿನಿಂದ ಕುರ್ಲಾಕ್ಕೆ. ಆ ದಶಕ ಮುಗಿಯುವ ಹೊತ್ತಿಗೆ ತಂತಿ ಕಲ್ಯಾಣವನ್ನೂ ದಾಟಿತ್ತು. ರೈಲಿಗೆ ಬೇಕಾದ ವಿದ್ಯುತ್ತು ತಲೆಯ ಮೇಲಿನ ತಂತಿಯಿಂದ ಬರುತ್ತದೆ, ಅದನ್ನು ಹೊತ್ತು ತಿರುಗುವ ಕಷ್ಟ ಅದಕ್ಕಿಲ್ಲ. ಸ್ಟೇಷನ್ನಿನ ಹೊರಗೆ ಊಟದ ಪೊಟ್ಟಣ ಹೊತ್ತು ಓಡುವ ಎಲೆಕ್ಟ್ರಿಕ್ ಬೈಕಿಗೆ ಆ ಭಾಗ್ಯವಿಲ್ಲ. ಅದು ಊಟದ ಜೊತೆಗೆ ತನ್ನ ವಿದ್ಯುತ್ತನ್ನೂ ಹೊರಬೇಕು.

ಕೊಂಡ ಹೊಸದರಲ್ಲಿ ಒಂದು ಚಾರ್ಜಿಗೆ 80 ಕಿಲೋಮೀಟರ್ ಓಡುತ್ತಿದ್ದ ಗಾಡಿ ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ 40ಕ್ಕೆ ಇಳಿಯಿತು ಅಂದುಕೊಳ್ಳೋಣ. ಗಾಡಿಯ ಮಾಲೀಕನ ಪಾಲಿಗೆ ಅದು ಬರೀ ಕಿಲೋಮೀಟರಿನ ಲೆಕ್ಕವಲ್ಲ. ರಾತ್ರಿಯ ಊಟದ ಆರ್ಡರುಗಳು ಬರುವ ಹೊತ್ತಿಗೆ ಸರಿಯಾಗಿ ಗಾಡಿ ಚಾರ್ಜಿಗೆ ನಿಂತಿರುತ್ತದೆ, ಅರ್ಧ ದಿನದ ದುಡಿಮೆ ಹೋಗುತ್ತದೆ. ಅವನ ಮುಂದೆ ಎರಡು ದಾರಿಗಳಿವೆ. ಕಂಪನಿಯಿಂದ ಹೊಸ ಪ್ಯಾಕು ಹಾಕಿಸುವುದು ಒಂದು. ಗಾಡಿಯ ಬೆಲೆಯಲ್ಲಿ ಸಾಮಾನ್ಯವಾಗಿ ಮೂರನೆಯ ಒಂದು ಪಾಲೋ ಅದಕ್ಕಿಂತ ಹೆಚ್ಚೋ ಬ್ಯಾಟರಿಯದೇ ಆದ್ದರಿಂದ ಇದು ಸಣ್ಣ ಖರ್ಚಲ್ಲ. ಇನ್ನೊಂದು, ಪ್ಯಾಕನ್ನು ಬಿಚ್ಚಿಸಿ, ಸತ್ತ ಸೆಲ್‌ಗಳನ್ನು ತೆಗೆಸಿ, ಬೇರೆ ಹಾಕಿಸುವುದು. ಮೊದಲನೆಯದಕ್ಕೆ ದುಡ್ಡಿಲ್ಲ, ಎರಡನೆಯದಕ್ಕೆ ಧೈರ್ಯವಿಲ್ಲ ಅನ್ನುವ ಸ್ಥಿತಿ ಇಂದು ಬಹಳ ಜನರದು. ಬ್ಯಾಟರಿಯನ್ನು ಬಿಚ್ಚಬಹುದೇ, ಬಿಚ್ಚುವವರು ಯಾರು ಎಂಬ ಈ ಪ್ರಶ್ನೆ ಲಿಥಿಯಮ್ಮಿನ ಜೊತೆಗೆ ಹುಟ್ಟಿದ್ದಲ್ಲ. ಅದು ಬ್ಯಾಟರಿಯಷ್ಟೇ ಹಳೆಯದು.

ಬ್ಯಾಟರಿ ಅನ್ನುವ ಪದವನ್ನೇ ನೋಡಿ. ತೋಪುಗಳ ಸಾಲಿಗೆ ಸೈನ್ಯದವರು ಇಟ್ಟಿದ್ದ ಈ ಹೆಸರನ್ನು ಬೆಂಜಮಿನ್ ಫ್ರಾಂಕ್ಲಿನ್ 1749ರಲ್ಲಿ ವಿದ್ಯುತ್ತಿಗೆ ತಂದ. ಅವನು ಹಾಗೆ ಕರೆದದ್ದು ಸಾಲಾಗಿ ಜೋಡಿಸಿದ ಹನ್ನೊಂದು ಗಾಜಿನ ಫಲಕಗಳನ್ನು. ಅಂದರೆ ಬ್ಯಾಟರಿ ಒಂದು ವಸ್ತುವಲ್ಲ, ಗುಂಪು. ಕನ್ನಡ ಈ ವ್ಯತ್ಯಾಸವನ್ನು ತನ್ನದೇ ರೀತಿಯಲ್ಲಿ ಉಳಿಸಿಕೊಂಡಿದೆ. ಹಳ್ಳಿಗಳಲ್ಲಿ ಬ್ಯಾಟರಿ ಎಂದರೆ ಟಾರ್ಚು. ಕತ್ತಲಲ್ಲಿ 'ಬ್ಯಾಟ್ರಿ ಬಿಡು' ಅನ್ನುತ್ತಾರೆ. ಅದರೊಳಗೆ ಹಾಕುವುದು 'ಶೆಲ್ಲು'. ಬೆಳಕು ಮಂಕಾದರೆ ಯಾರೂ ಟಾರ್ಚನ್ನು ಎಸೆಯುತ್ತಿರಲಿಲ್ಲ. ಶೆಲ್ಲುಗಳನ್ನು ಬಿಸಿಲಿಗಿಟ್ಟು ಇನ್ನೆರಡು ದಿನ ನೂಕುತ್ತಿದ್ದರು, ಆಮೇಲೆ ಶೆಲ್ಲು ಮಾತ್ರ ಬದಲಾಯಿಸುತ್ತಿದ್ದರು. ಇಂದಿನ ಎಲೆಕ್ಟ್ರಿಕ್ ಬೈಕಿನ ಜಗಳವೆಲ್ಲ ಈ ಎರಡು ಪದಗಳ ನಡುವೆ ಇದೆ. ಹೋದದ್ದು ಶೆಲ್ಲು, ಬಿಲ್ಲು ಮಾತ್ರ ಬ್ಯಾಟರಿಯದು.

ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ 1859ರಲ್ಲಿ ಮಾಡಿದ. 1881ರಲ್ಲಿ ಕಮೀಯ್ ಫೋರ್ ಪ್ಲೇಟಿಗೆ ಸೀಸದ ಆಕ್ಸೈಡಿನ ಲೇಪ ಹಚ್ಚುವ ಕ್ರಮ ತಂದ ಮೇಲೆ ಅದು ಕಾರ್ಖಾನೆಯ ಮಾಲಾಯಿತು. ಒಂದು ಸೆಲ್‌ಗೆ ಸುಮಾರು 2 ವೋಲ್ಟ್. ಮೂರು ಸೇರಿದರೆ 6, ಆರು ಸೇರಿದರೆ 12. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ ಬೈಕುಗಳಲ್ಲಿ ಇದ್ದದ್ದು 6 ವೋಲ್ಟಿನದು, ಮೂರೇ ಸೆಲ್ಲಿನದು.

ಆ ಕಾಲದ ಕಾರು, ಲಾರಿಗಳ ಬ್ಯಾಟರಿ ಕಪ್ಪು ಗಟ್ಟಿ ರಬ್ಬರಿನ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಸೆಲ್‌ಗಳನ್ನು ಜೋಡಿಸುವ ಸೀಸದ ಪಟ್ಟಿಗಳು ಮೇಲೆಯೇ ಕಾಣುತ್ತಿದ್ದವು. ಬಾಯಿಗೆ ಡಾಂಬರಿನಂಥ ಮುಚ್ಚಳ. ಹೈಡ್ರೋಮೀಟರ್ ಇಳಿಸಿ ಆಸಿಡ್ಡಿನ ಸಾಂದ್ರತೆ ನೋಡಿದರೆ ಆರರಲ್ಲಿ ಯಾವುದು ಕೈಕೊಟ್ಟಿದೆ ಎಂದು ಗೊತ್ತಾಗುತ್ತಿತ್ತು. ಮೆಕ್ಯಾನಿಕ್ಕು ಡಾಂಬರು ಕರಗಿಸಿ, ಆ ಒಂದು ಸೆಲ್ಲಿನ ಪ್ಲೇಟುಗಳನ್ನು ಎತ್ತಿ, ಹೊಸ ಪ್ಲೇಟು ಇಳಿಸಿ, ಸೀಸ ಕಾಯಿಸಿ ಪಟ್ಟಿ ಕೂಡಿಸುತ್ತಿದ್ದ. ಭಾರತದ ಪ್ರತಿ ಪೇಟೆಯಲ್ಲೂ ಇದು ಒಂದು ಕಸುಬಾಗಿತ್ತು. ಬ್ಯಾಟರಿಯ ರಚನೆಯೇ ಬಿಚ್ಚುವವನನ್ನು ಲೆಕ್ಕಕ್ಕೆ ಹಿಡಿದಿತ್ತು. ಮುಂದೆ ಪ್ಲಾಸ್ಟಿಕ್ ಪೆಟ್ಟಿಗೆ ಬಂತು, ಸೆಲ್ಲುಗಳ ಜೋಡಣೆ ಗೋಡೆಯೊಳಗೆ ಅಡಗಿತು, ಕೊನೆಗೆ ನೀರು ಹಾಕುವ ಬಿರಡೆಯೂ ಮಾಯವಾಯಿತು.

ಆ ಕಸುಬನ್ನು ನೆನೆದು ಹಂಬಲಿಸುವ ಮುನ್ನ ಅದರ ಬೆಲೆಯನ್ನೂ ನೆನೆಯಬೇಕು. ಸೀಸ ಕಾಯಿಸುವವನ ಉಸಿರಿಗೆ ಸೀಸವೇ ಹೋಗುತ್ತಿತ್ತು. ಚೆಲ್ಲಿದ ಆಸಿಡ್ಡು ಚರಂಡಿಗೆ, ಬೂದಿ ಮನೆಯಂಗಳಕ್ಕೆ. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಯಲ್ಲಿ ದೇಶದ ಏಳು ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸದ ಅಂಶ ಅಂದಿನ ಮಿತಿಯನ್ನು ಮೀರಿತ್ತು. ಅದಕ್ಕೆ ಪೆಟ್ರೋಲಿನ ಸೀಸ ದೊಡ್ಡ ಕಾರಣ. ಬ್ಯಾಟರಿಯ ಸೀಸವೂ ಲೆಕ್ಕದಲ್ಲಿತ್ತು. 2001ರ ಬ್ಯಾಟರಿ ನಿಯಮಗಳು ಹಳೆಯ ಬ್ಯಾಟರಿಯನ್ನು ಮಾರುವವರೇ ವಾಪಸು ಪಡೆಯಬೇಕೆಂದು ವಿಧಿಸಿದವು.

ಬಿಚ್ಚುವುದರ ಬದಲು ಬೇರೆ ಉಪಾಯವೂ ಅಷ್ಟೇ ಹಳೆಯದು. ಅಮೆರಿಕದ ಹಾರ್ಟ್‌ಫರ್ಡ್ ನಗರದ ವಿದ್ಯುತ್ ಕಂಪನಿ 1910ರ ದಶಕದಲ್ಲಿ ಆರಂಭಿಸಿ 1924ರವರೆಗೆ ಒಂದು ಸೇವೆ ನಡೆಸಿತು. ಎಲೆಕ್ಟ್ರಿಕ್ ಲಾರಿ ಕೊಳ್ಳುವವರು ಬ್ಯಾಟರಿ ಕೊಳ್ಳಬೇಕಿರಲಿಲ್ಲ. ಬ್ಯಾಟರಿ ಕಂಪನಿಯದು, ಖಾಲಿಯಾದರೆ ಬದಲಾಯಿಸಿ ಕೊಡುವುದೂ ಅದರದೇ ಹೊಣೆ. ಗಿರಾಕಿ ಓಡಿಸಿದ ಮೈಲಿಗೆ ಇಷ್ಟು ಎಂದು ತೆರುತ್ತಿದ್ದ. ಬ್ಯಾಟರಿ ಮುದಿಯಾಗುವ ಭಯವನ್ನು ಲಾರಿಯ ಮಾಲೀಕನ ಹೆಗಲಿನಿಂದ ಇಳಿಸಿದ ಏರ್ಪಾಡು ಅದು. ಭಾರತದಲ್ಲಿ ಅಂಥದ್ದಕ್ಕೆ ದಾರಿ ಸಲೀಸಾದದ್ದು 2020ರ ಆಗಸ್ಟಿನಲ್ಲಿ, ಬ್ಯಾಟರಿ ಇಲ್ಲದೆಯೂ ಎಲೆಕ್ಟ್ರಿಕ್ ಗಾಡಿಗಳನ್ನು ಮಾರಿ ನೋಂದಾಯಿಸಬಹುದೆಂದು ಕೇಂದ್ರದ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ತಿಳಿಸಿದಾಗ.

ಅಷ್ಟರಲ್ಲಿ ಭಾರತದ ಗಾಡಿಗಳು ಸೀಸವನ್ನು ಬಿಡುತ್ತಿದ್ದವು. 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಕಾರಿನಲ್ಲಿ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳಿದ್ದವು. ಅದೇ ದಶಕದ ನಿಧಾನಗತಿಯ ಎಲೆಕ್ಟ್ರಿಕ್ ಸ್ಕೂಟರುಗಳಲ್ಲಿ 12 ವೋಲ್ಟಿನ ನಾಲ್ಕನ್ನು ಸಾಲಾಗಿ ಕೂಡಿಸಿ 48 ಮಾಡುತ್ತಿದ್ದರು. ಒಂದು ಹೋದರೆ ಅಂಗಡಿಯಿಂದ ಒಂದನ್ನು ತಂದು ಕೂರಿಸಬಹುದಿತ್ತು. ಭಾರ ಹೆಚ್ಚು, ಓಟ ಕಡಿಮೆ, ಆದರೆ ಸ್ಪ್ಯಾನರು ಹಿಡಿಯಬಲ್ಲ ಯಾರಿಗಾದರೂ ಎಟುಕುತ್ತಿತ್ತು. 2018ರ ಅಕ್ಟೋಬರಿನಿಂದ ಸೀಸದ ಬ್ಯಾಟರಿಯ ಗಾಡಿಗಳಿಗೆ ಕೇಂದ್ರದ ಫೇಮ್ ಸಬ್ಸಿಡಿ ನಿಂತಿತು. ಮುಂದಿನದು ಲಿಥಿಯಮ್ಮಿನ ಕಾಲ.

1991ರಲ್ಲಿ ಸೋನಿ ಕಂಪನಿ ಮೊದಲು ಮಾರಾಟಕ್ಕೆ ತಂದ ಲಿಥಿಯಮ್ ಅಯಾನ್ ಸೆಲ್ಲು ಕ್ಯಾಮೆರಾಗಳಿಗೆಂದು ಹುಟ್ಟಿದ್ದು. ಅದರ ಒಂದು ಹೆಸರಾಂತ ಅಳತೆ 18650: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಟಾರ್ಚಿನ ಶೆಲ್ಲಿನ ತಮ್ಮನ ಹಾಗೆ. ಬೈಕಿನ ಪ್ಯಾಕಿನಲ್ಲಿ ಇಂಥವು ನೂರಾರು ಇರಬಹುದು. ಒಂದು ಲೆಕ್ಕ ನೋಡಿ. 2.5 ಆಂಪಿಯರ್ ಅವರಿನ ಹತ್ತು ಸೆಲ್‌ಗಳನ್ನು ಪಕ್ಕಪಕ್ಕ ಕೂಡಿಸಿದರೆ 25 ಆಂಪಿಯರ್ ಅವರಿನ ಒಂದು ಗುಂಪು. 3.7 ವೋಲ್ಟಿನ ಇಂಥ 13 ಗುಂಪುಗಳನ್ನು ಸಾಲಾಗಿ ಕೂಡಿಸಿದರೆ 48 ವೋಲ್ಟ್. ಒಟ್ಟು 130 ಸೆಲ್ಲು, ಸುಮಾರು 1.2 ಯೂನಿಟ್ ವಿದ್ಯುತ್ತು.

ಈ ಸಾಲಿನಲ್ಲಿ ಒಂದು ಗುಂಪು ಸೋತರೆ ಉಳಿದ ಹನ್ನೆರಡು ಸರಿಯಿದ್ದೂ ಗಾಡಿ ನಿಲ್ಲುತ್ತದೆ. ಪ್ಯಾಕಿನೊಳಗಿನ ಬಿಎಂಎಸ್ ಅನ್ನುವ ಕಾವಲು ಸರ್ಕ್ಯೂಟು ಪ್ರತಿ ಗುಂಪಿನ ವೋಲ್ಟೇಜನ್ನೂ ನೋಡುತ್ತಿರುತ್ತದೆ. ಯಾವುದೇ ಒಂದು ತಳ ಮುಟ್ಟಿದರೂ ಇಡೀ ಪ್ಯಾಕನ್ನು ಕತ್ತರಿಸುತ್ತದೆ. ರಿಪೇರಿಯ ಆಸೆ ಹುಟ್ಟುವುದು ಇಲ್ಲೇ: ಹತ್ತು ಸೆಲ್ಲಿಗಾಗಿ 130ರ ಬೆಲೆ ಯಾಕೆ ಕೊಡಬೇಕು?

ಆಸೆ ನ್ಯಾಯವಾದದ್ದೇ. ಆದರೆ ಲಿಥಿಯಂ ಸೀಸದಷ್ಟು ಸೈರಣೆಯದಲ್ಲ. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಿದರೆ ಆ ಕಾವಿಗೇ ಅದು ಒಳಗೆ ಕೆಡಬಹುದು. ನಿಕ್ಕಲ್ ಪಟ್ಟಿಯನ್ನು ಕ್ಷಣಮಾತ್ರದ ಸ್ಪಾಟ್ ವೆಲ್ಡಿಂಗಿನಿಂದ ಹಿಡಿಸಬೇಕು. ದಣಿದ ಗುಂಪುಗಳ ನಡುವೆ ಹೊಸ ಗುಂಪು ಕೂತರೆ ಪ್ಯಾಕಿನ ಸಮತೋಲ ಮತ್ತೆ ತಪ್ಪುತ್ತದೆ. ಎಲ್ಲ ಸೆಲ್ಲುಗಳೂ ಸಮನಾಗಿ ಮುದಿಯಾಗಿದ್ದರೆ ಹತ್ತನ್ನು ಬದಲಿಸಿ ಪ್ರಯೋಜನವಿಲ್ಲ, 130ನ್ನೂ ಬದಲಿಸಬೇಕು. ಬಿಎಂಎಸ್ ಅಡ್ಡಿ ಮಾಡುತ್ತದೆಂದು ಅದನ್ನೇ ದಾಟಿ ತಂತಿ ಎಳೆದರೆ ಗಾಡಿ ಓಡುತ್ತದೆ. ಆದರೆ ರಾತ್ರಿ ಚಾರ್ಜಿಗಿಟ್ಟು ಮಲಗಿದ ಮನೆಗೆ ಕಾವಲಿಲ್ಲದಂತಾಗುತ್ತದೆ. ಒಂದು ಸೆಲ್ಲು ಹೊತ್ತಿಕೊಂಡರೆ ಅದರ ಬಿಸಿಗೆ ಪಕ್ಕದ್ದು, ಅದರ ಬಿಸಿಗೆ ಇನ್ನೊಂದು.

2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬಿತ್ತು, ಜೀವಗಳೂ ಹೋದವು. ಹಾಗೆ ಉರಿದವುಗಳಲ್ಲಿ ಕಾರ್ಖಾನೆಯಲ್ಲೇ ಕಟ್ಟಿದ ಪ್ಯಾಕುಗಳಿದ್ದವು ಎನ್ನುವುದನ್ನು ಮರೆಯಬಾರದು. ಅದರ ಹಿಂದೆಯೇ ಎಐಎಸ್ 156 ಎಂಬ ಸುರಕ್ಷತಾ ಮಾನಕ ಬಿಗಿಯಾಯಿತು. ಸೆಲ್ಲು, ಬಿಎಂಎಸ್, ಒಂದು ಸೆಲ್ಲಿನ ಬೆಂಕಿ ಹರಡದಂತೆ ತಡೆ, ಇವೆಲ್ಲಕ್ಕೂ ಹೊಸ ಶರತ್ತುಗಳು 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತದಲ್ಲಿ ಜಾರಿಗೆ ಬಂದವು. ಬೀದಿಯಲ್ಲಿ ಬಿಚ್ಚಿ ಕಟ್ಟಿದ ಪ್ಯಾಕು ಆ ಪರೀಕ್ಷೆಗೆ ಹೋಗಿ ಬಂದದ್ದಲ್ಲ.

ಭದ್ರ ಮಾಡಿದಷ್ಟೂ ಬಿಚ್ಚುವುದು ಕಷ್ಟ. ಬೆಂಗಳೂರಿನ ಅಲ್ಟ್ರಾವಯಲೆಟ್ ಕಂಪನಿಯ ಎಫ್77 ಬೈಕನ್ನು 2019ರಲ್ಲಿ ತೋರಿಸಿದಾಗ ಅದರ ಬ್ಯಾಟರಿಗಳನ್ನು ಹೊರತೆಗೆಯಬಹುದಿತ್ತು. 2022ರ ಕೊನೆಯಲ್ಲಿ ಮಾರಾಟಕ್ಕೆ ಬಂದಾಗ ಪ್ಯಾಕು ಹೆಚ್ಚು ದೊಡ್ಡದಾಗಿ, ಚೌಕಟ್ಟಿಗೆ ಸ್ಥಿರವಾಗಿ ಕೂತಿತ್ತು. ಹೆಚ್ಚು ದೂರ ಓಡಲು ತೆತ್ತ ಬೆಲೆ ಅದು.

ಹಾಗಾದರೆ ಬಿಚ್ಚುವವನ ಜಾಗ ಎಲ್ಲಿ? ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಅದರ ಪಟ್ಟಿಯಲ್ಲಿ ವಾಹನಗಳೂ ಇದ್ದವು. ಮುಂದಿನ ತಿಂಗಳು ಬಂದ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಯನ್ನು ಸರಿಪಡಿಸಿ ಮರುಬಳಕೆಗೆ ತರುವ ಕೆಲಸವನ್ನು ಒಂದು ಉದ್ಯೋಗವಾಗಿ ಗುರುತಿಸಿ, ಅಂಥವರು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಬೇಕೆಂದವು. ಯುರೋಪ್ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ 2023ರ ಬ್ಯಾಟರಿ ಕಾನೂನಿನ ಪ್ರಕಾರ 2027ರ ಫೆಬ್ರವರಿ 18ರಿಂದ ಸೈಕಲ್ಲು, ಸ್ಕೂಟರಿನಂಥ ಹಗುರ ವಾಹನಗಳ ಪ್ಯಾಕನ್ನಷ್ಟೇ ಅಲ್ಲ, ಅದರೊಳಗಿನ ಒಂದೊಂದು ಸೆಲ್ಲನ್ನೂ ಕಂಪನಿಗೆ ಸೇರದ ಕುಶಲಕರ್ಮಿ ತೆಗೆದು ಬದಲಾಯಿಸುವಂತಿರಬೇಕು. ಬ್ಯಾಟರಿ ಬೇರೆ, ಶೆಲ್ಲು ಬೇರೆ ಎಂದು ನಮ್ಮ ಹಳ್ಳಿಗಳು ಎಂದೋ ಮಾಡಿದ್ದ ವಿಂಗಡಣೆ ಅಲ್ಲಿ ಕಾನೂನಿನ ಮಾತಾಗಿದೆ. ಕುಶಲಕರ್ಮಿ ಎಂಬ ಪದವೂ ಮುಖ್ಯ. ಯಾರು ಬೇಕಾದರೂ ಎಂದಲ್ಲ, ಕಂಪನಿ ಮಾತ್ರ ಎಂದೂ ಅಲ್ಲ.

ವಿಠ್ಠಲವಾಡಿಯ ಪಕ್ಕದ ಉಲ್ಹಾಸನಗರ ಇಂಥ ಕುಶಲಕರ್ಮಿಗಳಿಂದಲೇ ಬೆಳೆದ ಊರು. ಮಹಾಯುದ್ಧ ಮುಗಿದ ಮೇಲೆ ಸೈನ್ಯ ಬಿಟ್ಟುಹೋದ ಬ್ಯಾರಕ್ಕುಗಳಿಗೆ ದೇಶವಿಭಜನೆಯಲ್ಲಿ ಮನೆ ಕಳೆದುಕೊಂಡ ಸಿಂಧಿಗಳು ಬಂದರು. 1949ರಲ್ಲಿ ಊರಿಗೆ ಈ ಹೆಸರು ಬಂತು. ಯಾವ ಮಾಲನ್ನಾದರೂ ಮಾಡಿಕೊಡುವ ಊರೆಂಬ ಖ್ಯಾತಿಗೆ 'ಮೇಡ್ ಇನ್ ಯುಎಸ್‌ಎ' ಎಂಬ ನಗೆಮಾತೂ ಅಂಟಿಕೊಂಡಿತು: ಉಲ್ಹಾಸನಗರ ಸಿಂಧಿ ಅಸೋಸಿಯೇಶನ್. ನಗೆಯ ಅಡಿಯಲ್ಲಿ ಸ್ವಲ್ಪ ತಾತ್ಸಾರವಿದೆ, ಸ್ವಲ್ಪ ಮೆಚ್ಚುಗೆಯೂ ಇದೆ. ಇಂಥ ಕಡೆ ಕೈಗಳಿಗೆ ಕೊರತೆಯಿಲ್ಲ. ಬೇಕಾದದ್ದು ತರಬೇತಿ, ಕಂಪನಿಗಳು ಬಿಟ್ಟುಕೊಡಬೇಕಾದ ಮಾಹಿತಿ, ಕಟ್ಟಿದ ಪ್ಯಾಕನ್ನು ಪರೀಕ್ಷಿಸಿ ಮುದ್ರೆ ಒತ್ತುವ ಒಂದು ಜಾಗ.

ಅದು ಬರುವ ತನಕ ಗಾಡಿಯ ಮಾಲೀಕ ಅಂಗಡಿಯಲ್ಲಿ ಕೇಳಬಹುದಾದ ಪ್ರಶ್ನೆ, ಹಿಂದೆ ಹೈಡ್ರೋಮೀಟರ್ ಹಿಡಿದವನನ್ನು ಕೇಳುತ್ತಿದ್ದದ್ದೇ. ಬ್ಯಾಟರಿ ಹೋಗಿದೆ ಎಂದರೆ ಸಾಲದು. ಯಾವ ಗುಂಪು ಎಷ್ಟು ವೋಲ್ಟ್ ತೋರಿಸುತ್ತಿದೆ? ಹೋದದ್ದು ಎಷ್ಟು ಶೆಲ್ಲು?