ಗರಡಿಯ ಮಣ್ಣು, ಅಖಾಡದ ಮಣ್ಣು

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂಬ ಗಾದೆಯನ್ನು ನಮ್ಮ ಹಿರಿಯರು ಯಾವ ಸಂದರ್ಭದಲ್ಲಿ ಕಟ್ಟಿದರೋ! ಮಕ್ಕಳನ್ನು ತಮಗೆ ಬೇಕಾದ ಕಡೆಗೆ ಬಗ್ಗಿಸಬಯಸುವ ತಂದೆತಾಯಿಗಳಿಗಂತೂ ಅದು ಸದಾ ಕೈಗೆಟುಕುವ ಆಯುಧ. ಹಿಂದೆ ಸಂಗೀತದ ಪಾಠಕ್ಕೂ ಅಮರಕೋಶದ ಬಾಯಿಪಾಠಕ್ಕೂ ಬಳಕೆಯಾಗುತ್ತಿದ್ದ ಈ ಮಾತು ಈಗ ಆಟದ ಬಯಲಿಗೂ ಬಂದಿದೆ. ಬೆಳಗಿನ ಹೊತ್ತು ಮೈಸೂರಿನ ಯಾವ ದೊಡ್ಡ ಮೈದಾನದ ಕಡೆಗೆ ಹೋದರೂ ಸರಿಯೆ, ಕಣ್ಣುಜ್ಜಿಕೊಳ್ಳುತ್ತ ಸ್ಕೂಟರಿನಿಂದ ಇಳಿಯುವ ಎಳೆಯ ಮಕ್ಕಳನ್ನು ಕಾಣಬಹುದು. ಬೆನ್ನಿಗೆ ಅವರಿಗಿಂತ ದೊಡ್ಡ ಚೀಲ. ಹಿಂದೆ ಅವರಿಗಿಂತ ದೊಡ್ಡ ಆಸೆ ಹೊತ್ತ ತಂದೆ. ಕೆಲವು ಮಕ್ಕಳು ನಗುತ್ತ ಓಡುತ್ತವೆ. ಕೆಲವು ಓಡುವುದಿಲ್ಲ.

ಮಕ್ಕಳನ್ನು ಪಂದ್ಯದ ಕಣಕ್ಕೆ ತಂದೆತಾಯಿಗಳು ನೂಕಬಹುದೇ ಎಂಬ ಪ್ರಶ್ನೆ ಮೇಲುನೋಟಕ್ಕೆ ಹೊಸ ಕಾಲದ್ದೆಂದು ತೋರುತ್ತದೆ. ಆದರೆ ಮೈಸೂರಿನಲ್ಲಿ ಅದು ಹಳೆಯ ಪ್ರಶ್ನೆ. ಗರಡಿಮನೆಗಳಿಗೆ ಹೆಸರಾದ ಈ ಊರಿನಲ್ಲಿ ತಂದೆ ಮಗನ ಕೈಹಿಡಿದು ಮಟ್ಟಿಯ ಬಳಿಗೆ ಕರೆದೊಯ್ಯುವುದು ತಲೆತಲಾಂತರದಿಂದ ನಡೆದು ಬಂದದ್ದು. ಆದುದರಿಂದ ಈ ವಿಷಯದಲ್ಲಿ ಇತಿಹಾಸವನ್ನೇ ಒಂದು ಮಾತು ಕೇಳಿ ನೋಡುವುದು ಅನುಚಿತವಾಗಲಾರದು.

ಕನ್ನಡ ನಾಡಿನಲ್ಲಿ ಮಲ್ಲವಿದ್ಯೆಯ ವ್ಯವಸ್ಥಿತವಾದ ವಿವರಣೆ ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ದೊರೆಯುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ‘ಮಲ್ಲವಿನೋದ’ ಎಂಬ ಭಾಗವೇ ಇದೆ. ಅಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ಇವುಗಳ ಮೇಲೆ ವಿಂಗಡಿಸಿದ್ದಾರೆ. ಅವರು ಮಾಡಬೇಕಾದ ಸಾಮು, ಉಣ್ಣಬೇಕಾದ ಊಟ ಎಲ್ಲವನ್ನೂ ಹೇಳಿದ್ದಾರೆ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಭಕ್ಷ್ಯಗಳನ್ನು ಒದಗಿಸುವ ಹೊಣೆ ಅರಸನದು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಎಳೆಯನನ್ನು ಬಲಿತವನೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ತಿಳಿವಳಿಕೆ ಒಂದು. ಆಡಿಸುವವನೇ ಅನ್ನ ಹಾಕಬೇಕೆಂಬ ಕಟ್ಟಳೆ ಮತ್ತೊಂದು.

ನಾಲ್ಕು ಶತಮಾನ ಕಳೆದು ವಿಜಯನಗರಕ್ಕೆ ಬಂದರೆ, ಸುಮಾರು 1520ರಲ್ಲಿ ಮಹಾನವಮಿಯನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಅಲ್ಲಿಯ ಮಲ್ಲರ ಕಾಳಗವನ್ನು ವರ್ಣಿಸಿದ್ದಾನೆ. ಹಲ್ಲು ಮುರಿದು, ಕಣ್ಣು ಕಿತ್ತು, ಮುಖ ವಿಕಾರವಾಗಿ, ಮಾತು ನಿಂತುಹೋದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರಂತೆ. ಅಂಥ ಕ್ರೂರ ಕಣದಲ್ಲಿಯೂ ಇಬ್ಬರನ್ನು ಸಮಬಲದಲ್ಲಿ ನಿಲ್ಲಿಸುವುದಕ್ಕೆಂದೇ ನಾಯಕರೂ ತೀರ್ಪುಗಾರರೂ ಇರುತ್ತಿದ್ದರೆಂಬುದನ್ನು ಅವನು ಮರೆಯದೆ ಬರೆದಿದ್ದಾನೆ.

ಆ ಮಹಾನವಮಿಯ ಪರಂಪರೆಯನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರಂತೂ ಸ್ವತಃ ಮಲ್ಲರೆಂದು ಖ್ಯಾತಿವೆತ್ತವರು. ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಗರ್ವಿಷ್ಠ ಜಟ್ಟಿಯನ್ನು ಸೋಲಿಸಿದ ಐತಿಹ್ಯವನ್ನು ಕೇಳದ ಮೈಸೂರಿನ ಮಗುವಿಲ್ಲ. ಇಂಥ ಕಥೆಯನ್ನು ಕೇಳಿ ಬೆಳೆದ ಊರಿನಲ್ಲಿ ಮಗ ಪೈಲ್ವಾನನಾಗಲೆಂದು ತಂದೆ ಬಯಸಿದರೆ ಆಶ್ಚರ್ಯವೇನು?

ಆದರೆ ಬಯಕೆಯ ಮಾತೇ ಇಲ್ಲದ, ಹುಟ್ಟಿನಿಂದಲೇ ಕಣಕ್ಕೆ ಸೇರಿದ ಮನೆತನಗಳೂ ಇದ್ದವು. ಜಟ್ಟಿಗಳು ಅಥವಾ ಜ್ಯೇಷ್ಠಿಮಲ್ಲರು ಅಂಥವರು. ತಮ್ಮ ಪೂರ್ವಿಕರು ಗುಜರಾತಿನ ಮೊಢೇರಾದ ಕಡೆಯಿಂದ ಬಂದವರೆಂಬುದು ಅವರ ಸಂಪ್ರದಾಯ. ಲಿಂಬಜಾದೇವಿ ಅವರ ಕುಲದೇವತೆ. ಅವರ ವಿಶೇಷ ವಿದ್ಯೆ ವಜ್ರಮುಷ್ಟಿ. 1780ರ ದಶಕದಲ್ಲಿ ಶ್ರೀರಂಗಪಟ್ಟಣದಲ್ಲಿ ಸೆರೆಯಾಳಾಗಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಹುಡುಗ, ಕೋಣನ ಕೊಂಬಿನ ಆಯುಧವನ್ನು ಕೈಗೆ ಬಿಗಿದುಕೊಂಡು ಹೋರಾಡುವ ಜಟ್ಟಿಗಳನ್ನು ಕಂಡದ್ದನ್ನು ಮುಂದೆ ಬರೆದಿಟ್ಟಿದ್ದಾನೆ. ಇಂದಿಗೂ ವಿಜಯದಶಮಿಯ ದಿನ ಮೈಸೂರು ಅರಮನೆಯ ಅಂಗಳದಲ್ಲಿ ಈ ಕಾಳಗ ನಡೆಯುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳಿಂದ ಬಂದ ಜಟ್ಟಿಗಳು ತಲೆ ಬೋಳಿಸಿಕೊಂಡು ಎದುರುಬದುರಾಗಿ ನಿಲ್ಲುತ್ತಾರೆ. ಕ್ಷಣಾರ್ಧದ ಹೋರಾಟ. ಒಬ್ಬನ ತಲೆಯಿಂದ ರಕ್ತ ಜಿನುಗಿತೋ, ಕಾಳಗ ಅಲ್ಲಿಗೇ ನಿಂತಿತು.

ಪರಸ್ಥಳದವರಿಗೆ ಇದು ಬರಿಯ ರಕ್ತಪಾತವಾಗಿ ಕಾಣಬಹುದು. ಆದರೆ ಇದರೊಳಗೆ ಅಡಗಿರುವ ಕಟ್ಟುಪಾಡು ವಿಚಾರಾರ್ಹವಾದುದು. ಜೋಡಿಯನ್ನು ಹಿರಿಯ ಉಸ್ತಾದರು ಮೊದಲೇ ಗೊತ್ತುಮಾಡುತ್ತಾರೆ. ಎಲ್ಲಿ ನಿಲ್ಲಿಸಬೇಕೆಂಬುದೂ ಮೊದಲೇ ಗೊತ್ತು. ಮೊದಲ ಹನಿಯೇ ಕೊನೆಯ ಹನಿ. ಎದುರಾಳಿಯನ್ನು ನೆಲಕ್ಕಿಕ್ಕುವುದಕ್ಕಿಂತ ತಡೆದು ನಿಲ್ಲಿಸುವುದರಲ್ಲಿಯೇ ಹಿರಿಯರ ಹೊಣೆ ಹೆಚ್ಚು.

ಜಟ್ಟಿಯ ಮಗ ಜಟ್ಟಿಯೇ ಆಗಬೇಕೆಂಬುದು ಸರಿಯಾಗಿತ್ತೇ? ಅವನನ್ನು ಯಾರೂ ಕೇಳಲಿಲ್ಲವೆಂಬುದು ನಿಜ. ಆದರೆ ಕಮ್ಮಾರನ ಮಗನನ್ನೂ ಕುಂಬಾರನ ಮಗನನ್ನೂ ಅಂದು ಯಾರೂ ಕೇಳುತ್ತಿರಲಿಲ್ಲ. ಸೋತ ಜಟ್ಟಿಗೂ ಅರಮನೆಯ ಆಶ್ರಯ ತಪ್ಪುತ್ತಿರಲಿಲ್ಲವೆಂಬುದೊಂದು ಸಮಾಧಾನ. ಮಗನನ್ನು ಕಣಕ್ಕೆ ಕೊಟ್ಟ ತಂದೆ ಒಂದು ಜೀವನೋಪಾಯಕ್ಕೇ ಕೊಟ್ಟಂತಾಗಿತ್ತು. ದೇಶ ಸ್ವತಂತ್ರವಾಯಿತು; ಸಂಸ್ಥಾನಗಳು ವಿಲೀನವಾದವು; 1971ರಲ್ಲಿ ರಾಜಧನವೂ ರದ್ದಾಯಿತು. ಜಟ್ಟಿಗಳ ಮನೆಯ ಮಕ್ಕಳು ಶಾಲೆ ಕಾಲೇಜುಗಳಿಗೆ ಹೋದರು, ಬೇರೆ ಬೇರೆ ಉದ್ಯೋಗಗಳನ್ನು ಹಿಡಿದರು. ವಜ್ರಮುಷ್ಟಿ ಈಗ ಜೀವನೋಪಾಯವಲ್ಲ, ದೇವರಿಗೂ ಪರಂಪರೆಗೂ ಸಲ್ಲಿಸುವ ಸೇವೆ. ಇಂದು ಮಗುವನ್ನು ಆಟದ ಕಣಕ್ಕೆ ನೂಕುವ ತಂದೆಯಾದರೂ ಸೋತವನಿಗೆ ಅನ್ನ ಹಾಕುವ ಅರಸ ಯಾರೆಂದು ಒಮ್ಮೆ ಕೇಳಿಕೊಳ್ಳಬೇಡವೇ?

ಜಟ್ಟಿಗಳದು ಕೆಲವೇ ಮನೆತನಗಳ ಮಾತಾಯಿತು. ಹಳೆಯ ಮೊಹಲ್ಲಾಗಳ ಗರಡಿಮನೆಗಳ ರೀತಿಯೇ ಬೇರೆ. ಬೀದಿಯ ಹುಡುಗರು ಅಲ್ಲಿಗೆ ಹೋಗಿ ಹನುಮಂತನಿಗೆ ಕೈಮುಗಿದು, ದಂಡ ಬಸ್ಕಿ ಹೊಡೆದು, ಗದೆ ತಿರುಗಿಸಿ, ಮೈಗೆ ಕೆಮ್ಮಣ್ಣು ಹಚ್ಚಿಕೊಂಡು ಬರುತ್ತಿದ್ದರು. ಅವರೆಲ್ಲರೂ ಅಖಾಡಕ್ಕೆ ಇಳಿದವರಲ್ಲ. ಗರಡಿಯ ಮಣ್ಣು ಎಲ್ಲರ ಮೈಗೆ. ಅಖಾಡದ ಮಣ್ಣು ಕೆಲವರ ಮೈಗೆ ಮಾತ್ರ. ಸಾಮು ಮಾಡುವುದಕ್ಕೆ ತಂದೆಯ ಗದರಿಕೆ ಸಾಕಾಗುತ್ತಿತ್ತು. ಕುಸ್ತಿಗೆ ಇಳಿಯಬೇಕಾದರೆ ಉಸ್ತಾದರ ಒಪ್ಪಿಗೆ ಬೇಕಾಗುತ್ತಿತ್ತು, ಹುಡುಗನ ಕೆಚ್ಚೂ ಬೇಕಾಗುತ್ತಿತ್ತು. ಇಂದಿಗೂ ದಸರಾ ಕುಸ್ತಿಗೆ ಮುನ್ನ ‘ಜೋಡಿ ಕಟ್ಟುವುದು’ ಎಂಬ ಕ್ರಮವಿದೆ. ಹಿರಿಯರು ಕುಳಿತು, ವಯಸ್ಸು ತೂಕ ಅನುಭವಗಳನ್ನು ನೋಡಿ, ಇವನಿಗೆ ಇವನೆಂದು ಗೊತ್ತುಮಾಡಿದ ಮೇಲೆಯೇ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಾಡಕುಸ್ತಿ. ಹಿಂದೆ ಹೆಣ್ಣುಮಕ್ಕಳಿಗೆ ಮುಚ್ಚಿದ್ದ ಆ ಅಖಾಡಕ್ಕೆ ಈಗ ಅವರೂ ಇಳಿಯುತ್ತಿದ್ದಾರೆಂಬುದು ಸಂತೋಷದ ವಿಷಯ.

ಮೈಸೂರಿನದೇ ಇನ್ನೊಂದು ನಿದರ್ಶನ ಪಂದ್ಯದ್ದಲ್ಲ, ಪ್ರದರ್ಶನದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ ಅವರ ಮನೆಗೆ ಬಂದು ಸೇರಿದ ರೋಗಪೀಡಿತ ಹುಡುಗನೇ ಅವರ ಪತ್ನಿಯ ತಮ್ಮ, ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್. ಗುರುಗಳ ಆಜ್ಞೆಯಂತೆ, ಸಿದ್ಧತೆಯಿಲ್ಲದೆ, ಅತಿಥಿಗಳ ಮುಂದೆ ಹನುಮಾನಾಸನ ಮಾಡಲು ಹೋಗಿ ತೊಡೆಯ ಸ್ನಾಯು ಹರಿದುಕೊಂಡದ್ದನ್ನೂ ಬಹುಕಾಲ ನಡೆಯಲು ಕಷ್ಟಪಟ್ಟದ್ದನ್ನೂ ಅಯ್ಯಂಗಾರರು ತಾವೇ ಹೇಳಿಕೊಂಡಿದ್ದಾರೆ. ಅವರು ಜಗದ್ವಿಖ್ಯಾತರಾಗಿ 95 ವರ್ಷ ಬಾಳಿ 2014ರಲ್ಲಿ ತೀರಿಕೊಂಡರು. ಹಾಗಾದರೆ ಆ ಒತ್ತಾಯವೇ ಒಳ್ಳೆಯದನ್ನು ಮಾಡಿತಲ್ಲವೇ ಎಂದು ಯಾರಾದರೂ ಕೇಳಿಯಾರು. ಅಯ್ಯಂಗಾರರು ತಮ್ಮ ಗುರುಗಳನ್ನು ಕೊನೆಯವರೆಗೂ ಪೂಜ್ಯಭಾವದಿಂದಲೇ ಕಂಡರೆಂಬುದೂ ಸತ್ಯ. ಆದರೆ ಗೆದ್ದವನ ಗಾಯವನ್ನು ನಾವು ಕಥೆಯಾಗಿ ಹೇಳಿಕೊಳ್ಳುತ್ತೇವೆ. ಅದೇ ಗಾಯದಿಂದ ಮನೆ ಸೇರಿದವರ ಕಥೆಯನ್ನು ಬರೆದಿಡುವವರಿಲ್ಲ. ಉಳಿದವರೊಬ್ಬರನ್ನು ನೋಡಿ ಒತ್ತಾಯವನ್ನು ಹೊಗಳುವುದು ಈಜಿ ದಡ ಸೇರಿದವನನ್ನು ನೋಡಿ ಸುಳಿಯನ್ನು ಹೊಗಳಿದಂತೆ.

ಸೋತವರ ಲೆಕ್ಕವನ್ನೂ ತೆಗೆದು ನೋಡಿದ ಒಬ್ಬ ಮಹನೀಯನಿದ್ದಾನೆ. ಅವನನ್ನು ಕಾಣಲು ಪ್ರಾಚೀನ ಗ್ರೀಸಿಗೆ ಹೋಗಬೇಕು. ಅಲ್ಲಿಯ ಒಲಿಂಪಿಯದಲ್ಲಿ ಕ್ರಿ. ಪೂ. 632ರಲ್ಲಿ ಬಾಲಕರಿಗೆಂದೇ ಓಟ ಮತ್ತು ಕುಸ್ತಿಯ ಪಂದ್ಯಗಳನ್ನು ಆರಂಭಿಸಿದರು. ಮುಂದಿನ ಸಲ ಐದು ಸ್ಪರ್ಧೆಗಳು ಕೂಡಿದ ಪಂಚಕ್ರೀಡೆಯನ್ನೂ ಬಾಲಕರಿಗೆ ಇಟ್ಟು, ಆ ಒಂದೇ ಸಲಕ್ಕೆ ಕೈಬಿಟ್ಟರು. ಮೂರು ಶತಮಾನಗಳ ತರುವಾಯ ಅರಿಸ್ಟಾಟಲನು ತನ್ನ ರಾಜನೀತಿ ಗ್ರಂಥದಲ್ಲಿ, ಒಲಿಂಪಿಯದ ವಿಜೇತರ ಪಟ್ಟಿಯಲ್ಲಿ ಬಾಲಕನಾಗಿಯೂ ಗೆದ್ದು ಪ್ರೌಢನಾಗಿಯೂ ಗೆದ್ದವರು ಇಬ್ಬರು ಮೂವರಿಗಿಂತ ಹೆಚ್ಚಿಲ್ಲವೆಂದು ತೋರಿಸಿದ. ಎಳವೆಯಲ್ಲಿಯೇ ಬಲವಂತದ ಸಾಧನೆ ಮಾಡಿಸಿ ಶಕ್ತಿಯನ್ನು ಹೀರಿಬಿಟ್ಟದ್ದೇ ಇದಕ್ಕೆ ಕಾರಣವೆಂದು ಅವನ ಅಭಿಪ್ರಾಯ. ಹರೆಯ ಬರುವವರೆಗೆ ಹಗುರವಾದ ವ್ಯಾಯಾಮ ಸಾಕು. ಮೈಯನ್ನೂ ಬುದ್ಧಿಯನ್ನೂ ಏಕಕಾಲಕ್ಕೆ ದುಡಿಸಬಾರದು ಎಂದೂ ಅವನು ಹೇಳಿದ. ಬೆಳಿಗ್ಗೆ ಮೈದಾನ, ಹಗಲು ಶಾಲೆ, ಸಂಜೆ ಮನೆಪಾಠ ಎಂದು ಮಗುವಿನ ದಿನವನ್ನು ತುಂಬಿಸುವ ನಮಗೇ ಈ ಮಾತು ಹೇಳಿದಂತಿದೆ.

ಇದು ಹಳೆಯ ಕಾಲದ ತತ್ತ್ವಜ್ಞಾನಿಯ ಮಾತಷ್ಟೇ ಎಂದು ತಳ್ಳಿಹಾಕುವಂತಿಲ್ಲ. ಒಂದೇ ಆಟಕ್ಕೆ ಮಗುವನ್ನು ಕಟ್ಟಿಹಾಕುವುದನ್ನು ಹದಿನೈದು ಹದಿನಾರು ವರ್ಷದವರೆಗೆ ಮುಂದೂಡುವುದು ಲೇಸೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಸಲಹೆ ಕೊಟ್ಟಿತು. ಹಿಮಜಾರಾಟದ ಅಂತರರಾಷ್ಟ್ರೀಯ ಸಂಸ್ಥೆ 2022ರಲ್ಲಿ ಹಿರಿಯರ ಪಂದ್ಯದ ಕನಿಷ್ಠ ವಯಸ್ಸನ್ನು 15ರಿಂದ 17ಕ್ಕೆ ಏರಿಸಲು ತೀರ್ಮಾನಿಸಿತು. ನಾರ್ವೆ ದೇಶ 1987ರಲ್ಲಿಯೇ ಮಕ್ಕಳ ಕ್ರೀಡೆಗೆ ನಿಯಮಗಳನ್ನು ಮಾಡಿ, ಎಳೆಯರ ಪಂದ್ಯಗಳಿಗೆ ಕಡಿವಾಣ ಹಾಕಿತು. ಅದರಿಂದ ಪದಕಗಳೇನೂ ಕಡಮೆಯಾಗಲಿಲ್ಲ. 2018ರ ಚಳಿಗಾಲದ ಒಲಿಂಪಿಕ್ಸಿನಲ್ಲಿ 39, 2022ರಲ್ಲಿ 37 ಪದಕಗಳನ್ನು ಗೆದ್ದು ಆ ಪುಟ್ಟ ದೇಶ ಎರಡು ಸಲವೂ ಮೊದಲ ಸ್ಥಾನದಲ್ಲಿ ನಿಂತಿತು. ಹಿಮದಲ್ಲೇ ಹುಟ್ಟಿದವರಿಗೆ ಅದು ಸುಲಭವೆನ್ನಬಹುದು. ಕಡಿವಾಣ ಹಾಕಿದರೆ ಕುದುರೆ ಕುಂಟುವುದಿಲ್ಲವೆಂಬುದಂತೂ ಸಿದ್ಧವಾಯಿತು.

ನೂಕದಿದ್ದರೆ ಮಗು ಎಲ್ಲಿಗೂ ಹೋಗುವುದಿಲ್ಲವೆಂಬ ಆಕ್ಷೇಪಣೆ ಇನ್ನೂ ಉಳಿದಿದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಪ್ರಕಾಶ್ ಪಡುಕೋಣೆಯವರಿಗೆ ಬ್ಯಾಡ್ಮಿಂಟನ್ ಹಿಡಿಸಿದವರು ಅವರ ತಂದೆ ರಮೇಶ್ ಪಡುಕೋಣೆಯವರೇ. ಅವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಗಳಾಗಿದ್ದವರು. 1962ರಲ್ಲಿ ರಾಜ್ಯದ ಕಿರಿಯರ ಪಂದ್ಯಕ್ಕಿಳಿದ ಬಾಲಕ ಮೊದಲ ಸುತ್ತಿನಲ್ಲಿಯೇ ಸೋತ. ಎರಡು ವರ್ಷದ ಮೇಲೆ ಅದೇ ಪ್ರಶಸ್ತಿಯನ್ನು ಗೆದ್ದ. 1980ರಲ್ಲಿ ಅಖಿಲ ಇಂಗ್ಲೆಂಡ್ ಪ್ರಶಸ್ತಿ ಬಂತು. ಮೊದಲ ಸುತ್ತಿನ ಸೋಲು ಸೋಲಾಗಿ ಉಳಿಯದೆ ಪಾಠವಾಯಿತು. ಮೈಸೂರಿನವರೇ ಆದ ಜಾವಗಲ್ ಶ್ರೀನಾಥರದು ಮತ್ತೊಂದು ದಾರಿ. ಮರಿಮಲ್ಲಪ್ಪ ಶಾಲೆಯಲ್ಲಿ ಓದಿ, ಜಯಚಾಮರಾಜೇಂದ್ರ ಕಾಲೇಜಿನ ಇಂಜಿನಿಯರಿಂಗ್ ಪದವಿಯನ್ನೂ ಪಡೆದ ಅವರು ರಣಜಿ ಪಂದ್ಯಕ್ಕೆ ಬಂದದ್ದು 1989ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ. ಆ ಮೊದಲ ಪಂದ್ಯದಲ್ಲಿಯೇ ಹ್ಯಾಟ್ರಿಕ್ ಪಡೆದರು. ಮುಂದೆ ಟೆಸ್ಟ್ ಪಂದ್ಯಗಳಲ್ಲಿ ಅವರಿಗೆ ದಕ್ಕಿದ ವಿಕೆಟುಗಳು 236. ಒಬ್ಬರಿಗೆ ದಾರಿ ತೋರಿದ್ದು ತಂದೆ. ಇನ್ನೊಬ್ಬರಿಗೆ ಪಂದ್ಯಕ್ಕಾಗಿ ಪುಸ್ತಕ ಬಿಡುವ ಪ್ರಮೇಯ ಬರಲಿಲ್ಲ.

ಆದುದರಿಂದ ತಂದೆತಾಯಿಗಳು ನೂಕಲೇಬಾರದೆಂದು ಹೇಳುವುದು ನಮ್ಮ ಗರಡಿಗಳ ಅನುಭವಕ್ಕೇ ವಿರೋಧವಾದೀತು. ಗರಡಿಯವರೆಗೆ ನೂಕಬಹುದು; ನೂಕಲೂಬೇಕು. ಮೈ ಬಗ್ಗಿಸದ ಮಗು ಮುಂದೆ ಬಾಳಿನ ಭಾರವನ್ನು ಹೊತ್ತೀತೇ? ಆದರೆ ಗರಡಿಯ ಬಾಗಿಲಿನಿಂದ ಅಖಾಡದ ನಡುವಿಗೆ ಹೋಗುವ ಹತ್ತು ಹೆಜ್ಜೆಗಳು ಮಗುವಿನವು. ಅವನ್ನು ಅವನೇ ಅಥವಾ ಅವಳೇ ಇಡಬೇಕು. ಅಲ್ಲಿಂದ ಮುಂದೆ ಹಿರಿಯರಿಗೆ ಉಳಿಯುವ ಕೆಲಸ ಎರಡೇ: ಸಮನಾದ ಜೋಡಿ ಕಟ್ಟುವುದು, ರಕ್ತದ ಮೊದಲ ಹನಿ ಕಂಡಾಗ ಕೈಯೆತ್ತಿ ನಿಲ್ಲಿಸುವುದು. ಜಟ್ಟಿಯ ತಲೆಯ ರಕ್ತ ಎಲ್ಲರಿಗೂ ಕಾಣುತ್ತದೆ. ಮಗುವಿನದು ಹಾಗಲ್ಲ. ಅದು ಬೆಳಿಗ್ಗೆ ಏಳಲೊಲ್ಲದ ಹಟವಾಗಿ, ಕಾರಣವಿಲ್ಲದ ಹೊಟ್ಟೆನೋವಾಗಿ, ಊಟದ ಹೊತ್ತಿನ ಮೌನವಾಗಿ ಬರುತ್ತದೆ. ಅದನ್ನು ಗುರುತಿಸುವ ಉಸ್ತಾದರು ಯಾವ ಮೈದಾನದಲ್ಲಿಯೂ ಇಲ್ಲ, ಮನೆಯಲ್ಲಿಯೇ ಇರಬೇಕು.